ಕುದುರೆಯ ಚೆಲುವು ಮತ್ತು ನೋಡುವ ಕಣ್ಣು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಸೀಮೆಯು ತೆಂಗಿನ ಸೀಮೆ. ಇಲ್ಲಿಯ ಒಕ್ಕಲಿನ ಮನೆಗಳಲ್ಲಿ ಎತ್ತು ಕಟ್ಟುವ ಕೊಟ್ಟಿಗೆಯುಂಟು. ಕುದುರೆ ಕಟ್ಟುವ ಲಾಯವಿಲ್ಲ. ನಮ್ಮ ಹೊಲವನ್ನು ಕುದುರೆಯು ಉತ್ತುದಿಲ್ಲ. ನಮ್ಮ ಕೊಬ್ಬರಿಯ ಚೀಲಗಳನ್ನು ಸಂತೆಗೆ ಎಳೆದುದು ಎತ್ತಿನ ಗಾಡಿಯೇ. ಆದಾಗ್ಯೂ ನಮ್ಮ ಬೀದಿಯಲ್ಲಿ ಒಂದು ಕುದುರೆಯು ಹಾದುಹೋದರೆ ಕಾಯಿ ಸುಲಿಯುತ್ತಿದ್ದವನು ಕೈ ನಿಲ್ಲಿಸಿ ತಲೆಯೆತ್ತುವನು. ಮಕ್ಕಳು ಅದರ ಹಿಂದೆ ಓಡುವರು. ಮುದುಕಿಯರೂ ಜಗಲಿಯ ಅಂಚಿಗೆ ಬಂದು ನಿಲ್ಲುವರು. ಜಾತ್ರೆಯಲ್ಲಿ ಬಿದಿರಿನ ಹಂದರಕ್ಕೆ ಬಣ್ಣದ ಬಟ್ಟೆ ಹೊದಿಸಿ ಕುಣಿಸುವ ಕೀಲುಕುದುರೆಯನ್ನು ಕಂಡರೂ ಜನರು ಹಿಗ್ಗುವರು. ತನಗೆ ಯಾವ ಪ್ರಯೋಜನವೂ ಇಲ್ಲದ ಪ್ರಾಣಿಯನ್ನು ಮನುಷ್ಯನು ಹೀಗೆ ಮೆಚ್ಚಿ ನೋಡುವುದೇಕೆ? ಆ ಮೆಚ್ಚಿಕೆಯಲ್ಲಿ ಸರಿಯಾದುದು ಯಾವುದು, ತಪ್ಪಿದುದು ಯಾವುದು? ಈ ಎರಡು ಪ್ರಶ್ನೆಗಳನ್ನು ನಮ್ಮ ವಿದ್ಯಾರ್ಥಿನಿಯರೊಡನೆ ಕುಳಿತು ವಿಚಾರಮಾಡಬೇಕೆಂಬುದೇ ಈ ಪಾಠದ ಉದ್ದೇಶವು.

೧. ಚೆಲುವು ಎಲ್ಲಿದೆ?

ಕುದುರೆಯು ಓಡುವುದಕ್ಕೆಂದೇ ರಚಿತವಾದ ಪ್ರಾಣಿ. ಅದರ ಚೆಲುವಿನ ಬಹುಭಾಗವು ಈ ಒಂದು ಮಾತಿನಲ್ಲಿ ಅಡಗಿದೆ. ಅದರ ಒಂದೊಂದು ಕಾಲಿಗೂ ಒಂದೊಂದೇ ಬೆರಳು. ಆ ಬೆರಳಿನ ಉಗುರೇ ಗೊರಸು. ನಿಮ್ಮ ಕೈಯ ನಡುಬೆರಳಿನ ತುದಿಯನ್ನು ಮಾತ್ರ ಮೇಜಿನ ಮೇಲೆ ಊರಿ, ಮಿಕ್ಕ ಬೆರಳುಗಳನ್ನು ಮಡಿಸಿ, ಮಣಿಕಟ್ಟನ್ನು ಮೇಲಕ್ಕೆತ್ತಿ ನೋಡಿರಿ. ಕುದುರೆಯ ಮುಂಗಾಲಿನ ಕಟ್ಟಡವು ನಿಮಗೆ ತಿಳಿಯುವುದು. ಜನರು ಮುಂಗಾಲಿನ ಮೊಣಕಾಲೆಂದು ಕರೆಯುವ ಗಂಟು ನಿಜವಾಗಿ ಅದರ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಗಂಟು ಅದರ ಹಿಮ್ಮಡಿ. ಈ ಗಂಟುಗಳಿಂದ ಕೆಳಗೆ ಮಾಂಸವು ಇಲ್ಲವೆಂದೇ ಹೇಳಬಹುದು. ಎಲುಬೂ ಬಿಗಿದ ನರಗಳೂ ಚರ್ಮವೂ ಇರುವುವು. ಬಲವೆಲ್ಲವೂ ಹೆಗಲಿನಲ್ಲಿಯೂ ತೊಡೆಯಲ್ಲಿಯೂ ತುಂಬಿರುವುದರಿಂದ ಕೆಳಗಿನ ಕಾಲು ಹಗುರವಾಗಿ ಬೀಸುವುದು. ನಾವು ನಾಜೂಕೆಂದು ಮೆಚ್ಚುವ ಆ ತೆಳ್ಳನೆಯ ಕಾಲು ವೇಗದ ಸಾಧನವೇ ಆಗಿದೆ.

ಕುತ್ತಿಗೆಯು ನೀಳವಾಗಿರುವುದು ಏತಕ್ಕೆಂದರೆ, ಉದ್ದವಾದ ಕಾಲುಗಳ ಪ್ರಾಣಿಯು ನೆಲದ ಹುಲ್ಲನ್ನು ಮುಟ್ಟಬೇಕು. ಓಡುವಾಗ ಅದೇ ಕುತ್ತಿಗೆಯನ್ನು ಚಾಚಿ ಮೈಯ ತೂಕವನ್ನು ಸರಿಹೊಂದಿಸಿಕೊಳ್ಳಬೇಕು. ಮೂಗಿನ ಹೊಳ್ಳೆಗಳು ವಿಶಾಲವಾಗಿ ಅರಳುವುದು ಏತಕ್ಕೆಂದರೆ, ಕುದುರೆಯು ಬಾಯಿಯಿಂದ ಉಸಿರಾಡಲಾರದು. ನಾಗಾಲೋಟದಲ್ಲಿ ಒಂದೊಂದು ನೆಗೆತಕ್ಕೆ ಒಂದೊಂದು ಉಸಿರನ್ನು ಮೂಗಿನಿಂದಲೇ ಎಳೆದುಕೊಳ್ಳುವುದು. ಕಣ್ಣುಗಳು ದೊಡ್ಡವಾಗಿ ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಅದಕ್ಕೆ ಸುತ್ತಲೂ ಬಹುಮಟ್ಟಿಗೆ ಕಾಣುವುದು. ಬೆನ್ನ ಹಿಂದೆ ನೇರವಾಗಿ ನಿಂತವನು ಮಾತ್ರ ಕಾಣುವುದಿಲ್ಲ. ಆದುದರಿಂದಲೇ ತಿಳಿದವರು ಕುದುರೆಯ ಹಿಂದಿನಿಂದ ಸದ್ದಿಲ್ಲದೆ ಹೋಗುವುದಿಲ್ಲ. ಕಿವಿಗಳು ಅದರ ಮನಸ್ಸಿನ ಬಾಗಿಲುಗಳು: ಮುಂದಕ್ಕೆ ನಿಮಿರಿದರೆ ಕುತೂಹಲ, ಹಿಂದಕ್ಕೆ ಒತ್ತಿದರೆ ಕೋಪ ಇಲ್ಲವೆ ಭಯ. ರೋಮದ ಹೊಳಪು ಹೊಟ್ಟೆ ತುಂಬಿದ ಆರೋಗ್ಯದ ಗುರುತು; ನಮ್ಮ ಹೊಲದ ಹುರುಳಿಯನ್ನು ಬೇಯಿಸಿ ಹದವಾಗಿ ತಿನ್ನಿಸಿದ ಕುದುರೆಗೂ ಬರಿಯ ಒಣಹುಲ್ಲಿನ ಕುದುರೆಗೂ ಇರುವ ಭೇದವು ಮೈಮೇಲೆಯೇ ಕಾಣುವುದು.

ಹೀಗೆ ನೋಡಿದರೆ, ಕುದುರೆಯಲ್ಲಿ ನಾವು ಚೆಲುವೆಂದು ಕರೆಯುವುದು ಮೇಲೆ ಅಂಟಿಸಿದ ಅಲಂಕಾರವಲ್ಲ. ಅಂಗಾಂಗಗಳು ತಮ್ಮ ಕೆಲಸಕ್ಕೆ ಒಪ್ಪುವಂತೆ ಕೂಡಿಬಂದಿರುವುದು, ಅವುಗಳೊಳಗೆ ಜೀವದ ಹುರುಪು ತುಂಬಿರುವುದು, ಇವೇ ಆ ಚೆಲುವು.

೨. ಕನ್ನಡನಾಡಿನಲ್ಲಿ ಕುದುರೆ

ದಕ್ಷಿಣದೇಶದ ಹವೆಯೂ ಮೇವೂ ಉತ್ತಮವಾದ ಯುದ್ಧಾಶ್ವಗಳ ಸಂತಾನಕ್ಕೆ ಅಷ್ಟಾಗಿ ಒಗ್ಗಿದುವಲ್ಲ. ಆದುದರಿಂದ ನಮ್ಮ ಅರಸರು ಅರಬ್ಬಿ ಕುದುರೆಗಳನ್ನು ಹಡಗುಗಳಲ್ಲಿ ತರಿಸುತ್ತಿದ್ದರು. ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರ, ಗೋವೆಗಳ ಬಂದರುಗಳಲ್ಲಿ ಇವು ಇಳಿದು ಘಟ್ಟವನ್ನು ಹತ್ತಿ ಬರುತ್ತಿದ್ದುವು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಆನೆ, ಕುದುರೆ, ಪದಾತಿ, ನರ್ತಕಿಯರ ಸಾಲುಗಳನ್ನು ಇಂದಿಗೂ ನೋಡಬಹುದು.

ಕುದುರೆಯ ವಿಷಯದಲ್ಲಿ ಶಾಸ್ತ್ರಗಳೂ ಹುಟ್ಟಿದುವು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ, ಶಿಕ್ಷಣ, ಕುದುರೆಯೇರಿ ಆಡುವ ಚೆಂಡಾಟ ಇವುಗಳ ವಿವರಣೆಯುಂಟು. ಕನ್ನಡದಲ್ಲಿ ಸುಮಾರು ೧೪೦೦ರಲ್ಲಿ ಅಭಿನವಚಂದ್ರನೆಂಬವನು ಅಶ್ವವೈದ್ಯವನ್ನು ಕುರಿತು ಗ್ರಂಥವನ್ನು ರಚಿಸಿದನು. ಪ್ರಾಣಿಯ ರೂಪವನ್ನು ಹೊಗಳಿದ ನಾಡು ಅದರ ಬೇನೆಯನ್ನೂ ತಿಳಿಯಲು ಯತ್ನಿಸಿತೆಂಬುದು ಗಮನಿಸತಕ್ಕ ಸಂಗತಿ. ಹದಿಮೂರನೆಯ ಶತಮಾನದಲ್ಲಿ ಪಾಂಡ್ಯರ ನಾಡಿಗೆ ಬಂದ ಮಾರ್ಕೊ ಪೋಲೋ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ವರ್ಣಿಸಿದ್ದಾನೆ: ಅಲ್ಲಿಯ ದೊರೆಗಳು ವರ್ಷವರ್ಷವೂ ಅಪಾರ ಹಣವನ್ನು ತೆತ್ತು ಸಾವಿರಾರು ಕುದುರೆಗಳನ್ನು ಕೊಂಡರೂ, ಸಲಹುವ ಕ್ರಮವೂ ಚಿಕಿತ್ಸೆಯೂ ತಿಳಿಯದುದರಿಂದ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದುವಂತೆ. ಕೊಳ್ಳುವ ಶಕ್ತಿಯಿದ್ದು ಸಲಹುವ ಜ್ಞಾನವಿಲ್ಲದಿದ್ದರೆ ಚೆಲುವಿಗೆ ಆಗುವ ಗತಿ ಇದು.

ನಮ್ಮ ಜಿಲ್ಲೆಯಲ್ಲಿಯೇ, ತುರುವೇಕೆರೆಗೆ ನೆರೆಯಾದ ಕುಣಿಗಲಿನಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿಗಾಗಿ ಕುದುರೆಗಳನ್ನು ಬೆಳೆಸುವ ಕ್ಷೇತ್ರವು ಸ್ಥಾಪಿತವಾಯಿತು. ಮುಂದೆ ಅದು ಮೈಸೂರು ಸಂಸ್ಥಾನದ ಕೈಗೆ ಬಂದಿತು. ೧೯೯೨ರಲ್ಲಿ ಖಾಸಗಿ ಸಂಸ್ಥೆಗೆ ಗುತ್ತಿಗೆಯಾಗಿ, ಪಂದ್ಯದ ಕುದುರೆಗಳ ತಳಿಗೆ ಹೆಸರಾಯಿತು. ಯುದ್ಧಕ್ಕೆ ಬೇಕಾದ ಕುದುರೆಯಲ್ಲಿ ಜನರು ಧೈರ್ಯವನ್ನೂ ತಾಳ್ಮೆಯನ್ನೂ ಹುಡುಕುವರು. ಪಂದ್ಯದ ಕುದುರೆಯಲ್ಲಿ ವೇಗವನ್ನು ಹುಡುಕುವರು. ಒಂದೇ ಪ್ರಾಣಿಯ ಚೆಲುವಿನ ಅಳತೆಗೋಲು ಕಾಲಕಾಲಕ್ಕೆ ಹೀಗೆ ಬದಲಾಗುವುದು.

ಮೈಸೂರಿನ ಕುದುರೆಗಳು ನಮ್ಮ ಸತ್ಯವೇದದ ಭೂಮಿಯನ್ನೂ ತುಳಿದಿವೆ. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಕರ್ಮೆಲ್ ಬೆಟ್ಟದ ಬುಡದಲ್ಲಿರುವ ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಳಗಳು ಹಿಡಿದುವು. ಮೈಸೂರಿನ ಒಂದು ತುಕಡಿಯು ಕಡಿದಾದ ಕರ್ಮೆಲನ್ನು ಹತ್ತಿ ಅಲ್ಲಿಯ ತೋಪುಗಳ ಮೇಲೆ ಬಿದ್ದಿತು. ಎಲೀಯನು ಪ್ರಾರ್ಥಿಸಿದ ಬೆಟ್ಟವೆಂದು ನಾವು ಓದುವ ಆ ನೆಲದಲ್ಲಿ ಕನ್ನಡನಾಡಿನ ಸವಾರರೂ ಕುದುರೆಗಳೂ ನಿಂತುದನ್ನು ನೆನೆದರೆ ಹೆಮ್ಮೆಯಾಗುವುದು. ಅದರೊಡನೆ ಒಂದು ಯೋಚನೆಯೂ ಹುಟ್ಟುವುದು: ಸವಾರನಿಗೆ ತಾನು ಯುದ್ಧಕ್ಕೆ ಬಂದಿರುವೆನೆಂದು ತಿಳಿದಿತ್ತು, ಕುದುರೆಗೆ ತನ್ನ ಸವಾರನನ್ನು ಬಿಟ್ಟು ಬೇರೇನೂ ತಿಳಿದಿರಲಿಲ್ಲ.

೩. ಶಿಲ್ಪಿಯ ಕಣ್ಣು

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದವರು ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯದ ಬುಡದ ಪಟ್ಟಿಕೆಗಳನ್ನು ನಿಧಾನವಾಗಿ ಸುತ್ತಿ ನೋಡಬೇಕು. ಕೆಳಗಡೆಯ ಸಾಲುಗಳಲ್ಲಿ ಆನೆಗಳೂ ಕುದುರೆಗಳೂ ಮೆರವಣಿಗೆ ಹೊರಟಿವೆ. ಮೇಲೆ ಬಳ್ಳಿ, ಪುರಾಣಕಥೆಗಳು, ಮಕರ, ಹಂಸ. ಭಾರವನ್ನು ಹೊರುವ ಆನೆಯೂ ಮುಂದಕ್ಕೆ ಚಿಮ್ಮುವ ಕುದುರೆಯೂ ಒಂದರ ಬಳಿ ಒಂದು ಇರುವುದರಿಂದ ಆ ಕಲ್ಲಿಗೆ ಒಮ್ಮೆಲೆ ಸ್ಥೈರ್ಯವೂ ಚಲನೆಯೂ ಬಂದಿವೆ. ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದ ಕರಿಕಲ್ಲಿನ ನಂದಿಯಾದರೋ ಕನ್ನಡಿಯಂತೆ ಹೊಳೆಯುವುದು. ಅನ್ಯರ ಆರಾಧನೆಯ ಸ್ಥಳವೆಂದು ನಾವು ಗೌರವದಿಂದ ಹೊರಗೆ ನಿಂತರೂ, ಪ್ರಾಣಿಯನ್ನು ಅಷ್ಟು ಪ್ರೀತಿಯಿಂದ ನೋಡಿದ ಕೈಗಳನ್ನು ಮೆಚ್ಚದೆ ಇರಲಾಗದು.

ಆದರೆ ಪ್ರೀತಿಯಿಂದ ನೋಡಿದರೂ ಕಣ್ಣು ತಪ್ಪುವುದುಂಟು. ಬಹುಕಾಲ ಯೂರೋಪಿನ ಚಿತ್ರಕಾರರು ನಾಗಾಲೋಟದ ಕುದುರೆಯನ್ನು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. ೧೮೭೮ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿಟ್ಟು, ಓಡುವ ಕುದುರೆಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದನು. ನಾಲ್ಕು ಗೊರಸುಗಳೂ ನೆಲವನ್ನು ಬಿಡುವ ಕ್ಷಣವು ಉಂಟೆಂದು ಅದರಿಂದ ತಿಳಿದುಬಂದಿತು. ಆದರೆ ಆಗ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಿಸಿ ಕೂಡಿರುವುವು. ಸಾವಿರಾರು ವರ್ಷ ಕುದುರೆಯೊಡನೆ ಬಾಳಿದ ಮನುಷ್ಯನಿಗೆ ಅದರ ಓಟವೇ ಸರಿಯಾಗಿ ಕಂಡಿರಲಿಲ್ಲವೆಂದ ಮೇಲೆ, ಕಣ್ಣಿಗೂ ಶಿಕ್ಷಣವು ಬೇಕೆಂಬುದು ಸಿದ್ಧವಾಯಿತಲ್ಲವೇ?

ಆ ಶಿಕ್ಷಣವನ್ನು ಕಷ್ಟಪಟ್ಟು ಗಳಿಸಿದ ಒಬ್ಬ ಹೆಂಗಸಿನ ಮಾತನ್ನು ಇಲ್ಲಿ ಹೇಳಬೇಕು. ಫ್ರಾನ್ಸ್ ದೇಶದ ರೋಸಾ ಬೋನರ್ ಎಂಬ ಚಿತ್ರಕಾರ್ತಿಯು (೧೮೨೨-೧೮೯೯) ಪ್ಯಾರಿಸ್ಸಿನ ಕುದುರೆಸಂತೆಯನ್ನು ಚಿತ್ರಿಸಬಯಸಿದಳು. ಗಂಡಸರೇ ತುಂಬಿದ ಆ ಸಂತೆಯಲ್ಲಿ ಹೆಂಗಸು ನಿಂತು ಚಿತ್ರ ಬರೆಯುವುದು ಸುಲಭವಾಗಿರಲಿಲ್ಲ. ಆಕೆ ಪೊಲೀಸರ ಅಪ್ಪಣೆಯನ್ನು ಪಡೆದು, ಗಂಡಸರ ಉಡುಪನ್ನು ತೊಟ್ಟು, ವಾರಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಕುದುರೆಗಳ ಎಲುಬು, ಮಾಂಸ, ಚಲನೆಗಳನ್ನು ಅಭ್ಯಾಸಮಾಡಿದಳು. ೧೮೫೩ರಲ್ಲಿ ಮೊದಲು ಪ್ರದರ್ಶಿತವಾದ ಆಕೆಯ ‘ಕುದುರೆಸಂತೆ’ಯು ಸುಮಾರು ಹದಿನಾರು ಅಡಿ ಅಗಲದ ಚಿತ್ರ; ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

೪. ಒಕ್ಕಲಿಗನ ಕಣ್ಣು

ನಮ್ಮ ಸೀಮೆಯಲ್ಲಿ ಈ ಬಗೆಯ ತೀಕ್ಷ್ಣವಾದ ನೋಟವು ಎತ್ತುಗಳ ವಿಷಯದಲ್ಲಿ ಬೆಳೆದಿದೆ. ಹಸುವಿಗೆ ಹಳಗನ್ನಡದಲ್ಲಿ ‘ತುರು’ ಎಂದು ಹೆಸರು. ತುರುವೇಕೆರೆ ಎಂದು ನುಡಿದಾಗ ಆ ಮಾತು ಕಿವಿಗೆ ಬೀಳುವುದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು; ಆ ತಳಿಯ ದನಗಳು ಸೈನ್ಯದ ಸಾಮಾನನ್ನು ಎಳೆದು ಹೆಸರಾದುವು. ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಅಮೃತ ಮಹಲ್ ತಳಿಯ ಸಂಶೋಧನೆಯೂ, ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿಯ ಸಂವರ್ಧನೆಯೂ ನಡೆದಿವೆ. ಶಿವರಾತ್ರಿಯ ಸುಮಾರಿಗೆ ಸೇರುವ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಒಕ್ಕಲಿಗನು ಹಳ್ಳಿಕಾರ್ ಹೋರಿಯ ಮುಂದೆ ನಿಲ್ಲುವ ರೀತಿಯನ್ನು ನೋಡಿರಿ. ಅವನು ಮೊದಲು ದೂರದಿಂದ ನಿಲುವನ್ನು ನೋಡುವನು. ಬಳಿಕ ಹಿಂದಕ್ಕೆ ಬಾಗಿದ ಕೊಂಬು, ನೀಳವಾದ ಮುಖ, ಬಿಗಿಯಾದ ಗಂಗೆದೊಗಲು. ಬಳಿಕ ನಡೆಸಿ ಹೆಜ್ಜೆಯನ್ನು ನೋಡುವನು. ಬಾಯಿ ತೆರೆಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿತೋ ಎಂದು ಪ್ರಾಯವನ್ನು ತಿಳಿಯುವನು. ಕೊನೆಗೆ ಹೆಗಲಿನ ಮೇಲೆ ಅಂಗೈಯನ್ನು ಒತ್ತಿ, ನೊಗದ ಗಾಯವುಂಟೋ ಎಂದು ನೋಡುವನು. ಕುದುರೆಯನ್ನು ನೋಡತಕ್ಕ ಕ್ರಮವೂ ಇದೇ.

ಇದೇ ಒಕ್ಕಲಿಗನು ಮತ್ತೊಂದು ಕಡೆ ಎಡವುವನು. ಮೈಮೇಲಿನ ಕೂದಲು ಸುತ್ತಿಕೊಂಡಿರುವ ಜಾಗಕ್ಕೆ ಸುಳಿಯೆಂದು ಹೆಸರು. ಎತ್ತಿಗಾಗಲಿ ಕುದುರೆಗಾಗಲಿ ಸುಳಿಯು ಇಂಥ ಕಡೆ ಇದ್ದರೆ ಮನೆಗೆ ಏಳಿಗೆ, ಅಂಥ ಕಡೆ ಇದ್ದರೆ ಕೇಡು ಎಂಬ ನಂಬಿಕೆಯುಂಟು. ಗಟ್ಟಿಮುಟ್ಟಾದ, ಸಾಧುವಾದ ಪ್ರಾಣಿಯು ಒಂದು ಸುಳಿಯ ದೆಸೆಯಿಂದ ಬೆಲೆಯನ್ನು ಕಳೆದುಕೊಳ್ಳುವುದು. ಅದರ ಗುಣಕ್ಕೂ ಬಲಕ್ಕೂ ಸಂಬಂಧವಿಲ್ಲದ ಗುರುತಿನಿಂದ ಅದರ ಹಣೆಯಬರಹವನ್ನು ಗೊತ್ತುಮಾಡುವುದು ನೋಟವಲ್ಲ, ಕುರುಡು.

೫. ತಪ್ಪಿದ ಕಣ್ಣು

ನಾವೂ ಒಮ್ಮೆ ಹೀಗೆ ಕುರುಡರಾಗಿದ್ದೆವೆಂದು ಒಪ್ಪಿಕೊಳ್ಳಬೇಕು. ನಾವು ಚಿಕ್ಕವರಾಗಿದ್ದಾಗ ತಿಪಟೂರಿನ ರೈಲು ನಿಲ್ದಾಣದ ಹೊರಗೆ ಜಟಕಾ ಗಾಡಿಗಳು ನಿಲ್ಲುತ್ತಿದ್ದುವು. ಅವುಗಳಲ್ಲಿ ಒಂದರ ಕುದುರೆಗೆ ನೆತ್ತಿಯ ಮೇಲೆ ಕೆಂಪು ತುರಾಯಿ, ಕೊರಳಲ್ಲಿ ನೀಲಿಯ ಮಣಿಸರ ಮತ್ತು ಹಿತ್ತಾಳೆಯ ಗೆಜ್ಜೆ. ಅದೇ ಗಾಡಿ ಬೇಕೆಂದು ನಾವು ಹಟ ಹಿಡಿಯುತ್ತಿದ್ದೆವು. ಒಂದು ದಿನ ಮಳೆ ಬಂದು ರಸ್ತೆಯು ಜಾರುತ್ತಿತ್ತು. ಗಾಡಿಯಲ್ಲಿ ಮನೆಮಂದಿಯೆಲ್ಲ ಆರು ಜನ, ಜೊತೆಗೆ ಎರಡು ಮೂಟೆ. ಏರಿನಲ್ಲಿ ಕುದುರೆಯು ಮುಗ್ಗರಿಸಿ ಮುಂಗಾಲೂರಿ ಕುಸಿಯಿತು. ಗಾಡಿಯ ತಾತನು ಇಳಿದು, ಚಾವಟಿಯನ್ನು ಮುಟ್ಟದೆ, ಅದರ ಹೆಗಲಿನ ಪಟ್ಟಿಯನ್ನು ಸಡಿಲಿಸಿದನು. ಪಟ್ಟಿಯ ಕೆಳಗೆ ಅಂಗೈಯಗಲದ ಹುಣ್ಣು ಇದ್ದಿತು. ಅದರ ಮೇಲೆ ಅರಿಸಿನವೂ ಕೊಬ್ಬರಿಯೆಣ್ಣೆಯೂ ಹಚ್ಚಿದ ಗುರುತಿತ್ತು. ನಮ್ಮ ತಾಯಿಯವರು ಬೆಚ್ಚಿ, “ಈ ಗಾಯವಿಟ್ಟುಕೊಂಡು ಇದನ್ನು ಏಕೆ ಹೂಡಿದೆ, ತಾತ?” ಎಂದು ಕೇಳಿದರು. ಆತನು ತಲೆಯೆತ್ತದೆ, “ನಾಲ್ಕು ಜನಕ್ಕಿಂತ ಹೆಚ್ಚು ಬೇಡವೆಂದರೆ ನೀವು ಮುಂದಿನ ಗಾಡಿ ಹತ್ತುತ್ತೀರಿ, ತಾಯಿ. ಗಾಯ ವಾಸಿಯಾಗುವವರೆಗೆ ಮನೆಯಲ್ಲಿ ಕಟ್ಟಿದರೆ ಇದಕ್ಕೂ ಹುರುಳಿಯಿಲ್ಲ, ನನಗೂ ಹಿಟ್ಟಿಲ್ಲ” ಎಂದನು. ನಮ್ಮ ತಾಯಿಯವರು ಮರುಮಾತಾಡದೆ ನಮ್ಮನ್ನೆಲ್ಲ ಇಳಿಸಿದರು. ಮೂಟೆಗಳು ಮಾತ್ರ ಗಾಡಿಯಲ್ಲಿ ಹೋದುವು. ನಾವು ಮಳೆಯಲ್ಲಿ ಮನೆಯವರೆಗೆ ನಡೆದೆವು. ಪೂರ್ತಿ ಬಾಡಿಗೆಯನ್ನು ಕೊಟ್ಟರು.

ಆ ಕುದುರೆಯನ್ನು ನಾವು ಎಷ್ಟೋ ಸಲ ಮೆಚ್ಚಿ ನೋಡಿದ್ದೆವು. ಆದರೆ ತುರಾಯಿಯನ್ನು ನೋಡಿದ್ದೆವೇ ಹೊರತು ಕುದುರೆಯನ್ನು ನೋಡಿರಲಿಲ್ಲ. ಆ ಹುಣ್ಣಿಗೆ ತಾತನ ಬಡತನವು ಕಾರಣವಾಗಿದ್ದಿತು. ಒಂದೇ ಗಾಡಿಯಲ್ಲಿ ಎಲ್ಲರೂ ಹೋಗಬೇಕೆಂಬ ನಮ್ಮ ಆಸೆಯೂ ಕಾರಣವಾಗಿದ್ದಿತು.

ಇಂಗ್ಲೆಂಡಿನಲ್ಲಿ ಇದೇ ತಪ್ಪು ದೊಡ್ಡವರ ಮನೆಗಳ ಷೋಕಿಯಾಗಿ ನಡೆಯುತ್ತಿದ್ದಿತು. ಸಾರೋಟಿನ ಕುದುರೆಯು ಕತ್ತನ್ನು ಎತ್ತಿ ಬಾಗಿಸಿ ನಿಂತರೆ ಚೆಲುವೆಂದು ಎಣಿಸಿ, ಅದು ತಲೆ ತಗ್ಗಿಸದಂತೆ ಕಡಿವಾಣಕ್ಕೆ ಒಂದು ಬಿಗಿವಾರನ್ನು ಕಟ್ಟುತ್ತಿದ್ದರು. ಭಾರವನ್ನು ಎಳೆಯುವ ಕುದುರೆಯು ತಲೆಯನ್ನು ತಗ್ಗಿಸಿ ಹೆಗಲು ಕೊಡಬೇಕು. ಅದಕ್ಕೆ ಅವಕಾಶವಿಲ್ಲದೆ ಅದು ಬಾಯಿ, ಕತ್ತು, ಬೆನ್ನುಗಳ ನೋವಿನಿಂದ ನರಳುತ್ತಿದ್ದಿತು. ನೋಡುವವರಾದರೋ ಅದನ್ನು ಗತ್ತು ಎನ್ನುತ್ತಿದ್ದರು. ಆನ್ನಾ ಸೂಯೆಲ್ ಎಂಬಾಕೆ (೧೮೨೦-೧೮೭೮) ಹದಿನಾಲ್ಕನೆಯ ವಯಸ್ಸಿನಲ್ಲಿ ಬಿದ್ದು ಕಾಲಿಗೆ ಪೆಟ್ಟಾಗಿ, ಜೀವಮಾನವೆಲ್ಲ ಸರಿಯಾಗಿ ನಡೆಯಲಾರದವಳಾದಳು. ಎಲ್ಲಿಗೆ ಹೋಗಬೇಕಾದರೂ ಕುದುರೆಗಾಡಿಯೇ ಗತಿ. ತನ್ನನ್ನು ಹೊತ್ತ ಪ್ರಾಣಿಯ ಕಷ್ಟವನ್ನು ಆಕೆ ಬಲ್ಲಳು. ರೋಗದ ಹಾಸಿಗೆಯಲ್ಲಿ ಬರೆದ ಆಕೆಯ ‘ಬ್ಲಾಕ್ ಬ್ಯೂಟಿ’ ಎಂಬ ಕಥೆಯು ೧೮೭೭ರಲ್ಲಿ ಅಚ್ಚಾಯಿತು. ಅದರಲ್ಲಿ ಕುದುರೆಯೇ ತನ್ನ ಬಾಳನ್ನು ಹೇಳಿಕೊಳ್ಳುವುದು. ಮರುವರ್ಷವೇ ಆಕೆ ತೀರಿಕೊಂಡಳು. ಆ ಪುಸ್ತಕವನ್ನು ಓದಿದ ಜನರಿಗೆ ಬಿಗಿವಾರಿನ ಮೇಲೆ ಹೇಸಿಗೆ ಹುಟ್ಟಿ, ಆ ಪದ್ಧತಿಯು ಇಳಿಮುಖವಾಯಿತು. ನಮ್ಮ ದೇಶದಲ್ಲಿಯೂ ನೃತ್ಯಕಲಾವಿದೆಯಾದ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ಮಸೂದೆಯನ್ನು ತಂದರು. ಅವರ ಪ್ರಯತ್ನವು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಗೆ ದಾರಿಯಾಯಿತು. ಚೆಲುವನ್ನು ಬಲ್ಲ ಕಲಾವಿದೆಯೇ ನೋವನ್ನೂ ಕಂಡಳೆಂಬುದು ನಮಗೆ ಆಶ್ಚರ್ಯವಾಗಿ ತೋರುವುದಿಲ್ಲ.

೬. ಪಾಠದ ಸಾರ

ಯೋಬನ ಗ್ರಂಥದ ಮೂವತ್ತೊಂಭತ್ತನೆಯ ಅಧ್ಯಾಯದಲ್ಲಿ ದೇವರು ಯುದ್ಧಾಶ್ವವನ್ನು ತೋರಿಸಿ, ಇದರ ಬಲವನ್ನು ಕೊಟ್ಟವನು ನೀನೋ ಎಂಬರ್ಥದಲ್ಲಿ ಯೋಬನನ್ನು ಪ್ರಶ್ನಿಸುವನು. ಕುದುರೆಯ ಒಡೆಯರೆಂದು ಬೀಗುವ ನಮಗೆ ಇದು ಮೊದಲ ಪಾಠ: ಈ ಚೆಲುವನ್ನು ನಾವು ಮಾಡಿದವರಲ್ಲ; ಇದು ನಮ್ಮ ವಶಕ್ಕೆ ಒಪ್ಪಿಸಲ್ಪಟ್ಟುದು. ಜ್ಞಾನೋಕ್ತಿಗಳ ಗ್ರಂಥವು ತನ್ನ ದನಗಳ ಪ್ರಾಣವನ್ನು ಲಕ್ಷಿಸುವುದನ್ನು ನೀತಿವಂತನ ಗುರುತಾಗಿ ಎಣಿಸಿದೆ. ಇದು ಎರಡನೆಯ ಪಾಠ: ಒಪ್ಪಿಸಲ್ಪಟ್ಟುದಕ್ಕೆ ಲೆಕ್ಕ ಕೊಡಬೇಕು.

ವಿದ್ಯಾರ್ಥಿನಿಯರೇ, ಇನ್ನು ಮುಂದೆ ದಸರೆಯ ಪಟ್ಟದ ಕುದುರೆಯನ್ನಾಗಲಿ, ಮದುವೆಯ ಮೆರವಣಿಗೆಗೆ ಬಾಡಿಗೆಗೆ ಬಂದ ಕುದುರೆಯನ್ನಾಗಲಿ, ನಿಮ್ಮ ಮನೆಯ ಎತ್ತನ್ನೇ ಆಗಲಿ ನೋಡುವಾಗ ಮೂರು ಸಲ ನೋಡಿರಿ. ಮೊದಲು ದೂರದಿಂದ, ಅದರ ನಿಲುವನ್ನೂ ನಡೆಯನ್ನೂ. ಬಳಿಕ ಹತ್ತಿರದಿಂದ, ಅದರ ಕಣ್ಣು ಕಿವಿಗಳನ್ನು. ಅದಕ್ಕೆ ನೆಮ್ಮದಿಯೋ ಭಯವೋ ಎಂದು ಕೇಳಿಕೊಳ್ಳಿರಿ. ಕೊನೆಗೆ ಅಲಂಕಾರದ ಕೆಳಗೆ, ಜೀನು ಲಗಾಮುಗಳು ಒತ್ತುವ ಜಾಗಗಳನ್ನು. ಅಲ್ಲಿ ಗಾಯವಿದ್ದರೆ ಮೆಚ್ಚಿ ಹಿಂದಿರುಗಬೇಡಿರಿ. ಒಡೆಯನೊಡನೆ ಮರ್ಯಾದೆಯಿಂದ ಮಾತಾಡಿರಿ. ಪಶುವೈದ್ಯಶಾಲೆಯ ದಾರಿಯನ್ನು ಹೇಳಿರಿ. ಭಾರವು ನಿಮ್ಮದಾಗಿದ್ದರೆ ನೀವೇ ಇಳಿದು ನಡೆಯಿರಿ.

ಇನ್ನೊಂದು ಮಾತು. ಸುಳಿಯನ್ನು ನೋಡಿ ಬೆಲೆಕಟ್ಟುವ ಕಣ್ಣು, ಕತ್ತು ಬಿಗಿದು ಗತ್ತು ಎನ್ನುವ ಕಣ್ಣು, ಇವು ಕುದುರೆಯ ಮೇಲೆ ಮಾತ್ರ ಬೀಳುವುದಿಲ್ಲ. ಮೈಬಣ್ಣವನ್ನೂ ಒಡವೆಯನ್ನೂ ಎಣಿಸಿ ಹೆಣ್ಣುಮಕ್ಕಳಿಗೆ ಬೆಲೆಕಟ್ಟುವ ಲೋಕದಲ್ಲಿ ನೀವು ಬಾಳಬೇಕಾಗಿದೆ. ಅಂಥ ನೋಟವು ಎಷ್ಟು ಚುಚ್ಚುವುದೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆದುದರಿಂದ ನೀವಾದರೂ ಯಾವ ಜೀವವನ್ನೂ ಹಾಗೆ ನೋಡಬೇಡಿರಿ. ನಿಮ್ಮ ಜೊತೆಯ ಹುಡುಗಿಯನ್ನೂ, ನಿಮ್ಮನ್ನು ನೀವೂ.

ಆ ಜಟಕಾ ಗಾಡಿಗಳು ನಮ್ಮ ನಿಲ್ದಾಣದ ಮುಂದೆ ಇಂದು ನಿಲ್ಲುವುದಿಲ್ಲ. ಆದರೂ ಮಳೆ ಬಂದ ದಿನ ಆ ಏರನ್ನು ಹತ್ತುವಾಗ ಗೆಜ್ಜೆಯ ಸದ್ದು ನಮ್ಮ ನೆನಪಿಗೆ ಬರುವುದು. ಅಂದು ಮನೆ ಸೇರುವ ತನಕ ಆ ಕುದುರೆಯ ಪಕ್ಕದಲ್ಲಿಯೇ ನಡೆದೆವು. ಹೆಗಲಿನ ಪಟ್ಟಿಯ ಕೆಳಗೆ ತಾತನು ತನ್ನ ತಲೆಯ ರುಮಾಲನ್ನು ಮಡಿಸಿ ಇಟ್ಟಿದ್ದನು. ತುರಾಯಿಯು ನೆನೆದು ಜೋತುಬಿದ್ದಿತ್ತು; ಕುದುರೆಯು ತಲೆ ತಗ್ಗಿಸಿ, ಹಗುರವಾದ ಗಾಡಿಯನ್ನು ಎಳೆಯುತ್ತ, ಕಿವಿಗಳನ್ನು ಮುಂದಕ್ಕೆ ನಿಮಿರಿಸಿ ನಡೆಯುತ್ತಿತ್ತು. ನಾವು ನೋಡಿದ ಕುದುರೆಗಳಲ್ಲಿ ಅಷ್ಟು ಚೆಲುವಾದುದು ಮತ್ತೊಂದಿಲ್ಲ.